ಎಲೆ ಎಣಿಸಿದ ಉಸಿರು

೧೯೪೧ನೆಯ ಇಸವಿ, ಜೂನ್ ತಿಂಗಳು. ನಾನಾಗ ಸವಣೂರಿನಲ್ಲಿ ಗಂಡುಮಕ್ಕಳ ಶಾಲೆಯ ಡ್ರಿಲ್ ಮಾಸ್ತರ. ವಯಸ್ಸು ಇಪ್ಪತ್ತಾರು, ಹುಟ್ಟೂರು ರಟ್ಟೀಹಳ್ಳಿ. ಕೊರಳಲ್ಲಿ ಹಿತ್ತಾಳೆಯ ಸೀಟಿ, ಟ್ರಂಕಿನಲ್ಲಿ ವ್ಯಾಯಾಮ ಶಿಕ್ಷಣದ ಸರ್ಟಿಫಿಕೇಟು, ಮೂಗಿನ ತುದಿಯಲ್ಲಿ ಸಿಟ್ಟು. ಈ ಮೂರರಲ್ಲಿ ಈಗಿನ ಎಪ್ಪತ್ತೆಂಟನೆಯ ವಯಸ್ಸಿನವರೆಗೂ ನನ್ನ ಜೊತೆಗೆ ಬಂದದ್ದು ಸಿಟ್ಟೊಂದೇ. ಹುಡುಗರು ಬೆನ್ನ ಹಿಂದೆ ‘ಸೀಟಿ ಮಾಸ್ತರ’ ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದವನಂತೆ ಇರುತ್ತಿದ್ದೆ; ಒಳಗೊಳಗೇ ಆ ಹೆಸರು ನನಗೆ ಹಿಡಿಸಿತ್ತು.

ಆಸನ, ಪ್ರಾಣಾಯಾಮಗಳನ್ನು ಮಾತ್ರ ನಾನು ಸರ್ಟಿಫಿಕೇಟಿಗಾಗಿ ಕಲಿತದ್ದಲ್ಲ. ಅಬಲೂರಿನ ಹತ್ತಿರ ಹೊಲದಂಚಿನ ಗುಡಿಸಲಲ್ಲಿ ಒಬ್ಬ ಮುದಿ ಅಯ್ಯನವರಿದ್ದರು. ಅವರ ಬಳಿ ನಾಲ್ಕು ವರ್ಷ ಕುಳಿತಿದ್ದೆ. ಉಸಿರನ್ನು ಒಳಗೆ ತೆಗೆದುಕೊಳ್ಳುವುದು ಪೂರಕ, ಹಿಡಿದು ನಿಲ್ಲಿಸುವುದು ಕುಂಭಕ, ಹೊರಗೆ ಬಿಡುವುದು ರೇಚಕ. ಬೀಳ್ಕೊಡುವ ದಿನ ಅಯ್ಯನವರು ಒಂದೇ ಮಾತು ಹೇಳಿದ್ದರು: “ವಯಸ್ಸಾದವ್ರಿಗೆ, ದಮ್ಮಿನವ್ರಿಗೆ ಉಸುರು ಬಿಡೂದು ಕಲಸು. ಹಿಡಿಯೂದು ಅವರು ಕಾಲು ಬಿದ್ದು ಕೇಳಿದ್ರೂ ಕಲಸಬ್ಯಾಡ.” ಆಗಲಿ ಅಂದಿದ್ದೆ. ಆಗಲಿ ಅನ್ನುವುದಕ್ಕೆ ಏನು ಖರ್ಚಾಗುತ್ತದೆ?

ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನ ಹುಸೇನಸಾಬ. ನನ್ನ ಬಾಯಲ್ಲಿ ಹುಸೇನ ಚಾಚಾ. ಅರವತ್ತನಾಲ್ಕು ವಯಸ್ಸು. ಊರ ಹೊರಗೆ ಅವರ ಅಪ್ಪ, ಅಜ್ಜ ಮಾಡಿಕೊಂಡು ಬಂದ ಎಲೆಬಳ್ಳಿಯ ತೋಟವಿತ್ತು. ವೀಳ್ಯದೆಲೆಯ ಬಳ್ಳಿ ನುಗ್ಗೆ, ಚೊಗಚಿ ಗಿಡಗಳನ್ನು ಅಪ್ಪಿಕೊಂಡು ಎರಡಾಳು ಎತ್ತರಕ್ಕೆ ಏರಿರುತ್ತದೆ. ಏಣಿ ಹತ್ತಿ, ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಟ್ಟು, ಎಲೆ ಚಿವುಟಬೇಕು. ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಬಳ್ಳಿಯನ್ನು ಕೆಳಗಿಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಕೊಟ್ಟು, ತುದಿಯನ್ನು ಮತ್ತೆ ಗಿಡಕ್ಕೆ ಕಟ್ಟಬೇಕು. ಇಳಿಸುವಾಗ ಕೈ ತಪ್ಪಿದರೆ ಬಳ್ಳಿ ಮುರಿಯುತ್ತದೆ. ಆ ಕೆಲಸವನ್ನು ಚಾಚಾ ಕೂಲಿಯವರ ಕೈಗೆ ಕೊಟ್ಟವರೇ ಅಲ್ಲ. ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಬೂಟು ಹಾಕಿಕೊಂಡು ಹೋಗಿ ಮೊದಲ ದಿನವೇ ನಾನು ಬೈಸಿಕೊಂಡಿದ್ದೆ.

ಅವರಿಗೆ ಎರಡು ವರ್ಷದಿಂದ ದಮ್ಮು. ಮಸೀದಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ನಮಾಜಿನಲ್ಲಿ ಬಾಗಲಾರದೆ ಕುಳಿತೇ ಮಾಡುತ್ತಿದ್ದರು. ಮದ್ದುಗುಣಿಕೆ ಎಲೆಯ ಹೊಗೆ ಎಳೆದದ್ದಾಗಿತ್ತು. ದವಾಖಾನೆಯ ಡಾಕ್ಟರು ತಡೆಯಲಾರದಾಗ ಅಡ್ರಿನಾಲಿನ್ ಇಂಜೆಕ್ಷನ್ ಕೊಡುತ್ತಿದ್ದರು. ಆದರೆ ಯುದ್ಧದ ಕಾಲ, ಔಷಧ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. “ಏಣಿ ಮಾತ್ರ ಹತ್ತಬ್ಯಾಡ್ರಿ,” ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಚಾಚಾಗೆ ಗಂಡು ಸಂತಾನವಿರಲಿಲ್ಲ. ಒಬ್ಬಳೇ ಮಗಳು, ಬಂಕಾಪುರಕ್ಕೆ ಕೊಟ್ಟಿದ್ದರು. ಅಳಿಯ ಇಮಾಮಸಾಬ ಕೆಟ್ಟವನಲ್ಲ. ಆ ಜೂನಿನಲ್ಲಿ ಬಂದವನು ಕಟ್ಟೆಯ ಮೇಲೆ ಕುಳಿತು ಸ್ಪಷ್ಟವಾಗಿ ಹೇಳಿದ: “ಈ ವರ್ಷ ಬಳ್ಳಿ ಇಳಸೂದ್ರೊಳಗ ನೀವು ಏಣಿ ಹತ್ತೂವಂಗಾದ್ರ ಸರಿ, ಮಾವಾರ. ಇಲ್ಲಂದ್ರ ಬಳ್ಳಿ ಕಿತ್ತು ಹತ್ತಿ ಹಾಕೂಣು. ಹತ್ತಿಗೆ ಏಣಿ ಬೇಕಾಗಿಲ್ಲ.” ಚಾಚಾ ಹೂಂ ಎಂದರು. ಅಳಿಯ ಹೋದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಅಲ್ಲಿಂದಿಲ್ಲಿಗೆ ಹತ್ತೇ ಹೆಜ್ಜೆ, ಅಷ್ಟಕ್ಕೇ ಏದುಸಿರು.

“ಮಾಸ್ತರ್ರ, ಮುಂಜಾನೆ ಮೂಗು ಹಿಡಕೊಂಡು ಏನೋ ಮಾಡ್ತೀರಲ್ರಿ, ಅದು ಈ ಮುದಿ ಎದಿಗೆ ಹತ್ತತೈತೇನ್ರಿ?”

“ಹತ್ತದ ಏನು ಮಾಡೀತು ಚಾಚಾ! ನಾಳಿಂದನ ಕುಂತ್ರಿ,” ಅಂದೆ.

ಮೊದಲ ಆರು ವಾರ ಅಯ್ಯನವರ ಮಾತಿನಂತೆಯೇ ನಡೆದೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂಡುವುದು, ತೋಳು ನಿಧಾನ ಎತ್ತಿ ಇಳಿಸುವುದು, ಹೊಟ್ಟೆ ಒಳಸೇರುವವರೆಗೆ ಉಸಿರು ಬಿಡುವುದು. ಹಿಡಿಯುವ ಮಾತೇ ಇಲ್ಲ. ಆಗಸ್ಟ್ ಮೊದಲ ವಾರಕ್ಕೆ ಚಾಚಾ ಮಸೀದಿಯ ದಾರಿಯಲ್ಲಿ ಒಂದೇ ಕಡೆ ಕುಳಿತರು. ಅವರ ಹೆಂಡತಿ ಹಜರತಬಿ ಚಾಚಿ ಸಂತೋಷಕ್ಕೆ ನನಗೆ ಒಂದು ಪೊಟ್ಟಣ ಕುರುಕಲು ಖಾರ ತಂದುಕೊಟ್ಟರು. ಓಣಿಯವರು “ಮಾಸ್ತರ್ರ ಕೈಗುಣ” ಎನ್ನತೊಡಗಿದರು. ಅಲ್ಲಿಗೆ ನನ್ನ ತಲೆ ತಿರುಗಿತು ನೋಡಿ. ಅರ್ಧ ತುಂಬಿದ ಕೊಡ ತುಳುಕತೊಡಗಿತು.

ಹೀಗೆ ಆಮೆಯ ಹಾಗೆ ಹೋದರೆ ಬಳ್ಳಿ ಇಳಿಸುವ ಹೊತ್ತಿಗೆ ಏಣಿ ಮುಟ್ಟಿದ ಹಾಗೇ! ನನಗೆ ಅವಸರ. ಒಂದು ಸಂಜೆ ಕುಂಭಕ ಸೇರಿಸಿಯೇಬಿಟ್ಟೆ. “ನಾಲ್ಕು ಎಣಿಸೂತನಕ ಒಳಗ ತೊಗೊಳ್ರಿ, ಎಂಟರ ತನಕ ಹಿಡೀರಿ, ಎಂಟರ ತನಕ ಬಿಡ್ರಿ.” ಎಣಿಸಿದವನು ನಾನೇ, ಡ್ರಿಲ್ಲಿನ ವೇಗದಲ್ಲಿ. ನನ್ನ ಎಂಟರ ಎಣಿಕೆ ಐದು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಚಾಚಾ ಮಾಡಿದರು. ಏನೂ ಆಗಲಿಲ್ಲ. ಅಯ್ಯನವರದು ಹಳೆಯ ಕಾಲದ ಅಂಜಿಕೆ ಎಂದುಕೊಂಡೆ. ಮರುದಿನ ಹಾನಗಲ್ಲಿನಲ್ಲಿ ಶಾಲೆಗಳ ಕವಾಯತಿನ ಸ್ಪರ್ಧೆ. “ಮೂರು ದಿನ ನಾನಿರೂದಿಲ್ಲ. ನೀವ ಎಣಿಸಿಕೊಂಡು ಮಾಡ್ರಿ, ಒಂದು ಹೊತ್ತೂ ಬಿಡಬ್ಯಾಡ್ರಿ,” ಎಂದು ಹುಡುಗರನ್ನು ಕರೆದುಕೊಂಡು ಹೊರಟುಬಿಟ್ಟೆ.

ಸ್ಪರ್ಧೆಯ ಕಪ್ಪು ಗೆದ್ದೆವು. ಶಿಗ್ಗಾಂವಿಯಲ್ಲಿ ತಂಗಿದ್ದು, ನಾಲ್ಕನೆಯ ದಿನ ಮೊದಲ ಮೋಟಾರಿಗೆ ಹುಡುಗರೊಂದಿಗೆ ಸವಣೂರಿನಲ್ಲಿ ಇಳಿದಾಗ ಒಂಬತ್ತು ಗಂಟೆ. ಹುಡುಗರು ಕಪ್ಪು ಎತ್ತಿ ಹಿಡಿದು ಕೂಗುತ್ತಿದ್ದರು. ಆ ಗದ್ದಲದೊಳಗೆ ಹಜರತಬಿ ಚಾಚಿ ತಲೆಯ ಸೆರಗಿನ ಪರಿವೆಯಿಲ್ಲದೆ ಓಡಿಬರುವುದು ಕಂಡಿತು.

“ತಮ್ಮಾ, ಲಗೂನ ಬಾ! ತ್ವಾಟದಾಗ ನಿಮ್ಮ ಚಾಚಾ ಬಿದ್ದಾರ! ಉಸುರು ಬರವಲ್ದು!”

ಕಪ್ಪು ಹಿಡಿದಿದ್ದ ಹುಡುಗನನ್ನು ದವಾಖಾನೆಗೆ ಓಡಿಸಿ, ನಾನು ಚಾಚಿಯ ಜೊತೆ ತೋಟಕ್ಕೆ ಓಡಿದೆ. ಬೇಲಿಯ ಹತ್ತಿರ ಬೂಟು ಕಿತ್ತೆಸೆದದ್ದು ನೆನಪಿದೆ. ಚಾಚಾ ಏಣಿಯ ಬುಡದಲ್ಲಿ ಕುಳಿತಿದ್ದರು. ಎರಡೂ ಕೈ ನೆಲಕ್ಕೆ ಊರಿ, ಭುಜ ಕಿವಿಯವರೆಗೆ ಎತ್ತಿಕೊಂಡಿದ್ದರು; ಕತ್ತಿನ ನರಗಳು ಹಗ್ಗದಂತೆ ಬಿಗಿದಿದ್ದವು. ತುಟಿ ನೀಲಿ. ಒಳಗಿನಿಂದ ಸುಂಯ್ ಎಂಬ ಸದ್ದು. ಕಣ್ಣು ನನ್ನ ಮೇಲಿತ್ತು. ಆ ನೋಟದಲ್ಲಿ ಬೈಗುಳವಿರಲಿಲ್ಲ, ನನ್ನ ಮೇಲಿನ ಭರವಸೆ ಇತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಹುಡುಗ ಏದುತ್ತ ಬಂದ. ಡಾಕ್ಟರು ನಸುಕಿನಲ್ಲೇ ಬಂಕಾಪುರದ ಕಡೆ ರೋಗಿಯೊಬ್ಬರನ್ನು ನೋಡಲು ಹೋಗಿದ್ದಾರೆ, ಉಳಿದಿದ್ದ ಎರಡು ಇಂಜೆಕ್ಷನ್ ಅವರ ಚೀಲದಲ್ಲೇ ಇವೆ, ಬರುವುದು ಮಧ್ಯಾಹ್ನ. ಗಡಿಯಾರ ನೋಡಿಕೊಂಡೆ. ಒಂಬತ್ತು ಇಪ್ಪತ್ತು.

ಚಾಚಾರ ತೋಳುಗಳನ್ನು ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಇಡಿಸಿ, ಮುಂದಕ್ಕೆ ಬಾಗಿಸಿ ಕೂಡಿಸಿದೆ. “ತೊಗೊಳ್ಳಾಕ ಹೋಗಬ್ಯಾಡ್ರಿ ಚಾಚಾ! ಬಿಡ್ರಿ. ಬಶಿಯೊಳಗಿನ ಚಹಾ ಆರಿಸಿದಂಗ ಊದ್ರಿ,” ಅಂದೆ. ಅಂದು, ಹಾಳು ಚಾಳಿ, ಎಣಿಸತೊಡಗಿದೆ: ಒಂದ್-ಎರಡ್-ಮೂರ್-ನಾಕ್! ಅವರ ಉಸಿರು ನನ್ನ ಲೆಕ್ಕಕ್ಕೆ ಸಿಗದೆ ಎಡವಿತು. ಮತ್ತೆ ಜೋರಾಗಿ ಎಣಿಸಿದೆ. ಇನ್ನಷ್ಟು ಎಡವಿತು. ಚಾಚಾ ತಲೆ ಅಲ್ಲಾಡಿಸಿ ಒಂದು ಕೈ ಎತ್ತಿ ನನ್ನನ್ನು ತಡೆದರು. ನಾನು ಚಾಚಿಯ ಕಡೆ ತಿರುಗಿದೆ.

“ಏನು ಮಾಡಿದ್ರು ಚಾಚೀ? ಏಣಿ ಹತ್ತಿದ್ರೇನು?”

“ಎಲ್ಲಿ ಏಣಿ? ಕುಂತು ಎಲಿ ಎಣಿಸಾಕತ್ತಿದ್ರು. ನೀ ಹೇಳಿದಂಗ ಎಂಟರ ತನಕ ಉಸುರು ಹಿಡಿದ್ರು. ಎಂಟು ಎಲಿ. ಮೂರು ದಿನದಿಂದ ಹಂಗ ಮಾಡಾಕತ್ತಾರ. ಇವತ್ತು ಮೂರನೇ ಸಲಕ್ಕ ಕಣ್ಣಿಗೆ ಕತ್ತಲಿ ಬಂದು ಹೊಳ್ಳಿಬಿದ್ರು.”

ಎಂಟು ಎಲೆ! ಚಾಚಾ ಎಲೆ ಎಣಿಸುವುದನ್ನು ನಾನು ನೂರು ಸಲ ನೋಡಿದ್ದೆ. ಎಲೆಯನ್ನು ಎತ್ತಬೇಕು, ಬೆನ್ನು ನೋಡಬೇಕು, ಹೊಟ್ಟೆ ನೋಡಬೇಕು, ಒರೆಸಬೇಕು, ತೊಟ್ಟಿಗೆ ತೊಟ್ಟು ಕೂಡಿಸಿ ಇಡಬೇಕು. ಆಮೇಲೆ ಅದು ಲೆಕ್ಕಕ್ಕೆ ಬಂತು. ಒಂದು ಎಲೆಗೆ ಐದು ಸೆಕೆಂಡು. ಐವತ್ತು ವರ್ಷದಿಂದ ಅವರ ಬೆರಳು ಆ ವೇಗವೊಂದನ್ನೇ ಬಲ್ಲದು. ನನ್ನ ಐದು ಸೆಕೆಂಡಿನ ಎಂಟು ಅವರ ಕೈಯಲ್ಲಿ ನಲವತ್ತಾಗಿತ್ತು. ದಮ್ಮಿನ ಎದೆ ಮೂರು ದಿನ ಸಲಕ್ಕೆ ನಲವತ್ತು ಸೆಕೆಂಡು ಉಸಿರು ಕಟ್ಟಿಕೊಂಡಿತ್ತು, ನಾನು ‘ಒಂದು ಹೊತ್ತೂ ಬಿಡಬ್ಯಾಡ್ರಿ’ ಎಂದಿದ್ದಕ್ಕೆ.

ಏಣಿಯ ಮೇಲಿದ್ದ ಅವರ ಬೆರಳುಗಳನ್ನು ನೋಡಿದೆ. ಆ ಸಂಕಟದಲ್ಲೂ ಹೆಬ್ಬೆರಳು, ತೋರುಬೆರಳು ಎಲೆ ಒರೆಸುವಂತೆ ಒಂದನ್ನೊಂದು ಸವರುತ್ತಿದ್ದವು.

“ಚಾಚೀ, ಬುಟ್ಟಿ ತರ್ರಿ. ಚಾಚಾರ ಮುಂದ ಎಲಿ ಹಾಕ್ರಿ, ಅವರು ಹಾಕಿದಂಗ. ನೀವ ಎಣಿಸ್ರಿ,” ಅಂದೆ. ಸೀಟಿಯನ್ನು ಕೊರಳಿಂದ ತೆಗೆದು ಕಿಸೆಗೆ ಹಾಕಿ ಬಾಯಿ ಮುಚ್ಚಿಕೊಂಡೆ.

ಚಾಚಿ ಎದುರಿಗೆ ಕುಳಿತರು. ನಮ್ಮ ಕಡೆ ರಾಶಿ ಅಳೆಯುವವರು, ಎಲೆ ಎಣಿಸುವವರು ಮೊದಲನೆಯದಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಚಾಚಿ ಎಲೆ ಎತ್ತಿ, ತಿರುಗಿಸಿ, ಒರೆಸಿ ಇಟ್ಟರು. “ಲಾಭ…” ಚಾಚಾ ಊದಿದರು. ಅರ್ಧಕ್ಕೇ ಮುರಿಯಿತು. ಮತ್ತೊಂದು ಎಲೆ. “ಲಾಭ…” ಈ ಸಲ ಎಲೆ ನೆಲ ಮುಟ್ಟುವವರೆಗೆ ಉಸಿರು ಬಂತು. ಎರಡನೆಯ ಎಲೆಗೆ ಹೋಗಲಾಗಲಿಲ್ಲ. ಹೀಗೆ ಎಷ್ಟು ಸಲ ‘ಲಾಭ’ದಿಂದ ಮುಂದೆ ಹೋಗಲಾರದೆ ನಿಂತೆವೋ! ಒಮ್ಮೆ ಎದೆಯ ಸುಂಯ್ ಸದ್ದೇ ನಿಂತುಹೋಯಿತು. ಚಾಚಿಯ ಕೈಯಲ್ಲಿ ಎಲೆ ಹಾಗೇ ಉಳಿಯಿತು. ಆಮೇಲೆ ಚಾಚಾರ ಹೊಟ್ಟೆ ಒಳಸರಿದು, ಗಂಟಲಿನ ಕಫ ಕಿತ್ತುಬಂತು. “ಲಾಭ… ಎರಡು…” ಎಂದರು ಚಾಚಿ. ಹತ್ತೂಕಾಲಿಗೆ ತುಟಿಯ ನೀಲಿ ಇಳಿಯಿತು. ಭುಜ ಕೆಳಗೆ ಬಂತು. ನಾನು ಚೊಗಚಿ ಗಿಡದ ಹಿಂದೆ ಹೋಗಿ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಧ್ಯಾಹ್ನ ಬಂದ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. “ದಮ್ಮಿನವ್ರಿಗೆ ಉಸುರು ಹಿಡಿ ಅಂತ ಯಾರ್ರೀ ಕಲಿಸಿದ್ರು ನಿಮಗ?”

“ಯಾರೂ ಕಲಿಸಲಿಲ್ರಿ. ಬ್ಯಾಡ ಅಂತ ಕಲಿಸಿದ್ರು,” ಅಂದೆ.

ನನ್ನ ಪಾಲಿಗೆ ಪಾಠ ಅಲ್ಲಿಗೇ ಮುಗಿದಿತ್ತು. ಟ್ರಂಕು ಕಟ್ಟಿ ಬೇರೆ ಮನೆ ನೋಡುವವನಿದ್ದೆ. ಅದಾದ ಐದನೆಯ ದಿನ ಬೆಳಿಗ್ಗೆ ಚಾಚಾ ಎಲೆಬುಟ್ಟಿ ಹಿಡಿದು ನನ್ನ ಕೋಣೆಗೆ ಬಂದು ಕುಳಿತರು.

“ಚಾಚಾ, ನಿಮ್ಮನ್ನ ನಾ ಕೊಲ್ಲಾಕ ಹೊಂಟಿದ್ದೆ.”

“ಹೌದ್ರಿ. ಕೊಲ್ಲಿಲ್ಲಲ್ಲ? ಏಳ್ರಿ ಮ್ಯಾಲೆ. ಬಳ್ಳಿ ನಿಮ್ಮ ಮಾರಿ ನೋಡಿಕೋಂತ ಕುಂದರೂದಿಲ್ಲ.”

ಮತ್ತೆ ಶುರುವಾಯಿತು. ಈ ಸಲ ರೇಚಕ ಮಾತ್ರ. ಎಣಿಕೆ ಎಲೆಯದು, ಕೈ ಅವರದು. ನಾನು ಬೆನ್ನು ಬಾಗಿದರೆ ಮುಟ್ಟಿ ನೆಟ್ಟಗೆ ಮಾಡುವುದು, ಅಷ್ಟೇ. ಅಕ್ಟೋಬರ್ ಹೊತ್ತಿಗೆ ಮೂರು ಎಲೆಯವರೆಗೆ ಉಸಿರು ಬಿಡುತ್ತಿದ್ದರು. ನಮಾಜಿನಲ್ಲಿ ಹಣೆ ನೆಲ ಮುಟ್ಟಿತು. ದಮ್ಮು ಹೋಗಿರಲಿಲ್ಲ, ಅದು ಹೋಗುವ ಬೇನೆಯಲ್ಲ. ಆದರೆ ಯಜಮಾನಿಕೆ ಮಾಡುವುದನ್ನು ಬಿಟ್ಟು ಮನೆಯ ಮೂಲೆಯಲ್ಲಿ ಕುಳಿತಿತ್ತು.

ನವೆಂಬರಿನಲ್ಲಿ ಬಳ್ಳಿ ಇಳಿಸುವ ದಿನ ಅಳಿಯ ಬಂದ. ಡಾಕ್ಟರು ಚಾಚಾರ ಎದೆ ಪರೀಕ್ಷಿಸಿ, “ನಡುವ ಎಲ್ಲೆರ ಕುಯ್ ಅಂದ್ರ ಇಳಿಯೂದ,” ಎಂದು ಒಪ್ಪಿ, ಚೀಲ ಹಿಡಿದು ಬದುವಿನ ಮೇಲೆ ನಿಂತರು. ಏಣಿಗೆ ಒಂಬತ್ತು ಮೆಟ್ಟಿಲು. ಚಾಚಾ ಒಂದು ಮೆಟ್ಟಿಲು ಹತ್ತಿ, ಉಸಿರು ಪೂರ್ತಿ ಬಿಟ್ಟು, ಆಮೇಲೆ ಮುಂದಿನದು. ಐದನೆಯದರಲ್ಲಿ ನಿಂತುಬಿಟ್ಟರು. ಬೆನ್ನು ಮೇಲೆ ಕೆಳಗೆ ಆಡುತ್ತಿತ್ತು. ಇಮಾಮಸಾಬ “ಮಾವಾರ, ಸಾಕ್ರಿ! ನೀವು ಬಿದ್ರ ನನ್ನ ಹೇಣ್ತಿಗೆ ಏನು ಹೇಳ್ಲಿ?” ಎಂದ. ನನ್ನ ನಾಲಿಗೆಯ ತುದಿಗೆ ‘ಒಂದ್-ಎರಡ್’ ಬಂದಿತ್ತು. ಹಲ್ಲು ಕಚ್ಚಿದೆ. ಮೇಲಿನಿಂದ ಸಣ್ಣ ದನಿ ಕೇಳಿತು: “ಲಾಭ… ಎರಡು… ಮೂರು…” ಕಾಲು ಆರನೆಯ ಮೆಟ್ಟಿಲಿಗೆ ಹೋಯಿತು. ಇಮಾಮಸಾಬ ಮುಂದೆ ಬಂದು ಏಣಿ ಹಿಡಿದುಕೊಂಡ. ಮೊದಲ ಬಳ್ಳಿ ಎಲ್ಲೂ ಮುರಿಯದೆ ಕೆಳಗಿಳಿದು ಅವನ ಕೈಗೇ ಬಂತು. ಹತ್ತಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

೧೯೪೬ರಲ್ಲಿ ನಾನು ಹಿರೇಕೆರೂರಿಗೆ ಹೋದಾಗಲೂ ಚಾಚಾ ಏಣಿ ಹತ್ತುತ್ತಿದ್ದರು. ಅಲ್ಲಿಂದ ಮುಂದೆ ನನ್ನ ಹತ್ತಿರ ಎಪ್ಪತ್ತರ ಮುದುಕಿಯರೂ ಉಸಿರಾಟ ಕಲಿಯಲು ಬಂದರು. ಯಾರೇ ಬರಲಿ, ಮೊದಲು “ನಿಮ್ಮ ಕೈಕೆಲಸ ಏನ್ರಿ?” ಎಂದು ಕೇಳುತ್ತಿದ್ದೆ. ಬೀಸುವವರಿಗೆ ಬೀಸುಕಲ್ಲಿನ ಸುತ್ತು, ನೇಯುವವರಿಗೆ ಲಾಳಿಯ ಓಟ. ವಯಸ್ಸು ಯಾವುದಾದರೇನು, ಉಸಿರು ಕಲಿಯುತ್ತದೆ. ಆದರೆ ಕಲಿಯುವವರ ವೇಗದಲ್ಲಿ ಕಲಿಯುತ್ತದೆ, ಕಲಿಸುವವನ ಅವಸರದಲ್ಲಿ ಅಲ್ಲ. ಇದನ್ನು ತಿಳಿಯಲು ನಾನು ಒಬ್ಬರ ಪ್ರಾಣವನ್ನು ಪಣಕ್ಕೆ ಇಟ್ಟೆ.

ಈಗ ನನ್ನ ಎದೆಯೂ ಮುದಿಯಾಗಿದೆ. ಚಳಿಗಾಲದಲ್ಲಿ ಸ್ವಲ್ಪ ಕುಯ್ ಅನ್ನುತ್ತದೆ. ದಿನಾ ಬೆಳಿಗ್ಗೆ ಗೋಡೆಗೆ ಒರಗದೆ ಕೂಡುತ್ತೇನೆ, ಕಣ್ಣು ಮುಚ್ಚುತ್ತೇನೆ, ನಿಧಾನವಾಗಿ ಬಿಡುತ್ತೇನೆ. ಆ ಮೊದಲನೆಯ ಉಸಿರಿಗೆ ‘ಒಂದು’ ಎಂದು ನಾನು ಇವತ್ತಿನವರೆಗೂ ಅಂದಿಲ್ಲ.