ಚಾಚಾರ ಹೆಸರಿನ ಮುಂದಿನ ಸೊನ್ನೆ

ಹುಮನಾಬಾದಿನಲ್ಲಿ ಹೆದ್ದಾರಿಗೆ ಹೊಂದಿಕೊಂಡ ನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ನಾನು ಮ್ಯಾನೇಜರ್. ಕೆಳಗೆ ಬಟ್ಟೆ ಅಂಗಡಿ, ನಡುವೆ ಎರಡು ದವಾಖಾನೆ, ಮೇಲೆ ಲಾಡ್ಜು. ಬಸವಕಲ್ಯಾಣದ ಬಸ್ಸಿಳಿದು ಇನ್ನೂ ಮೆಟ್ಟಿಲು ಹತ್ತಿರುತ್ತಿರಲಿಲ್ಲ, ಆಗಲೇ ನಾಲ್ಕು ಮಂದಿ ಬಾಡಿಗೆಯವರು ಅಡ್ಡ ನಿಲ್ಲುತ್ತಿದ್ದರು. ನಲ್ಲಿ ಸೋರುತ್ತದೆ, ಫ್ಯಾನು ತಿರುಗುವುದಿಲ್ಲ. ಕೇಳಿದ್ದರಲ್ಲಿ ಅರ್ಧ ಮರೆಯುತ್ತಿದ್ದೆ, ಮರೆತದ್ದಕ್ಕೆ ಬೈಸಿಕೊಳ್ಳುತ್ತಿದ್ದೆ, ಬೈದವರಿಗೆ ತಿರುಗಿ ಬೈಯುತ್ತಿದ್ದೆ. ಕೊನೆಗೆ ತಲೆ ಕೆಟ್ಟು, ಕಟ್ಟಡದ ರಿಪೇರಿ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕೇ ಬೇಕೆಂದು ಮಾಲೀಕರ ಬೆನ್ನು ಹತ್ತಿದೆ.

"ತಗೋತೀನಿ. ಆದ್ರ ದಂಡ ಆದ್ರ ನಾ ನಿಮ್ಮನ್ನೇ ಕೇಳಾಂವ ನೋಡ್ರಿ," ಎಂದರು ಅವರು.

"ಕೇಳ್ರಿ ಸರ್," ಎಂದೆ ಗತ್ತಿನಿಂದ.

ಬಾಡಿಗೆಯವರು ಫೋನಿನಲ್ಲಿ ದೂರು ಬರೆದರೆ ಅದು ಕೆಲಸಗಾರನ ಫೋನಿಗೆ ಹೋಗುತ್ತದೆ. ಅವನು ರಿಪೇರಿ ಮಾಡಿ 'ಮುಗಿಯಿತು' ಒತ್ತಿದರೆ ಅವನ ಹೆಸರಿನ ಮುಂದೆ ಒಂದು ಕೆಲಸ ಸೇರುತ್ತದೆ. ಸಾಫ್ಟ್‌ವೇರ್ ಕೂರಿಸಲು ಬಂದವನು, "ದಿನದ ತಪಾಸಣೆಯ ಪಟ್ಟಿಯನ್ನೂ ಹಾಕಲೇನು? ದೂರಿಲ್ಲದೆ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ," ಎಂದು ಕೇಳಿದ್ದ. ನನಗೋ ಅವಸರ. "ಅದೆಲ್ಲ ಆಮ್ಯಾಲೆ. ಮೊದಲು ದೂರು ಮುಗೀಲಿ," ಎಂದು ಕಳಿಸಿಬಿಟ್ಟೆ.

ನಮ್ಮಲ್ಲಿ ಕೆಲಸಗಾರರು ಮೂವರು: ಪ್ಲಂಬರ್, ಎಲೆಕ್ಟ್ರಿಷಿಯನ್, ಮತ್ತು ನೀರಿನ ಮೋಟರು, ಜನರೇಟರ್ ನೋಡಿಕೊಳ್ಳುವ ವಯಸ್ಸಾದ ಮೆಕ್ಯಾನಿಕ್. ಅವರು ಎಲ್ಲರಿಗೂ ಚಾಚಾ. ತಿಂಗಳ ಕೊನೆಗೆ ನೋಡಿದರೆ ಪ್ಲಂಬರ್ ಎಲ್ಲರಿಗಿಂತ ಮುಂದೆ. ಪುಣ್ಯಾತ್ಮ ಒಂದೇ ನಲ್ಲಿಯನ್ನು ಮೂರು ಸಲ ರಿಪೇರಿ ಮಾಡಿ ಮೂರು ಕೆಲಸ ತೋರಿಸಿದ್ದ. ಚಾಚಾರ ಹೆಸರಿನ ಮುಂದೆ ಸೊನ್ನೆ.

"ದಿನಾ ಬಂದು ಏನ್ ಮಾಡ್ತಾರ್ರಿ ಇವರು? ಮುಂದಿನ ತಿಂಗಳೂ ಹಿಂಗೇ ಇದ್ರ ಮನೀಗೆ ಹೋಗ್ಲಿ," ಎಂದರು ಮಾಲೀಕರು.

ಮರುದಿನ ಮುಂಜಾನೆ ಬೇಗ ಬಂದು ಚಾಚಾರ ಹಿಂದೆ ತಿರುಗಿದೆ. ಅಂಗಡಿ ತೆರೆಯುವ ಮೊದಲೇ ಅವರು ನೆಲಮಾಳಿಗೆಗೆ ಇಳಿದಿದ್ದರು. ಮೋಟರಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸದ್ದು ಕೇಳಿದರು. ಒಂದು ಬೋಲ್ಟು ಬಿಗಿದರು, ಗ್ರೀಸ್ ಹಚ್ಚಿದರು. ಜನರೇಟರಿನ ಬೆಲ್ಟಿನ ಅಂಚು ಸವೆದದ್ದು ಕಂಡು ಅಲ್ಲೇ ಬದಲಿಸಿದರು. ಕೆಡುವುದಕ್ಕೇ ಬಿಡದವರ ಮೇಲೆ ದೂರು ಎಲ್ಲಿಂದ ಬರಬೇಕು!

"ಚಾಚಾ, ಇವನ್ನೆಲ್ಲ ನೀವೇ ಫೋನಿನಾಗ ದೂರು ಅಂತ ಹಾಕ್ರಿ. ಆಮ್ಯಾಲೆ ಮುಗೀತು ಅಂತ ಒತ್ತ್ರಿ. ಆಯ್ತಲ್ಲ," ಎಂದೆ.

ಅವರ ಮುಖ ಸಣ್ಣದಾಯಿತು. "ನಾ ನೋಡೋ ಮಷೀನಿನ ಮ್ಯಾಲೆ ನಾನೇ ಶಿಕಾಯತ್ ಬರೀಲೇನು ಬೇಟಿ? ಇಷ್ಟು ವರ್ಷದಾಗ ಯಾರೂ ಬರೆದಿಲ್ಲ. ಅದೇ ನನ್ನ ಇಜ್ಜತ್."

"ಇಜ್ಜತ್ ಇಟ್ಕೊಂಡು ನೌಕರಿ ಕಳ್ಕೋತೀರೇನು?" ಎಂದು ರೇಗಿದೆ.

"ಕೆಡದೇ ಇದ್ದದ್ದಕ್ಕ ಕೆಟ್ಟದ ಅಂತ ಹ್ಯಾಂಗ ಬರೀಲಿ?" ಎಂದರು ಚಾಚಾ. ಗ್ರೀಸಿನ ಡಬ್ಬಿ ಎತ್ತಿಕೊಂಡು ಮೇಲಿನ ನೀರಿನ ಟಾಕಿಯ ಕಡೆ ಹೊರಟರು. ಹಟಮಾರಿ ಮುದುಕ ಎಂದು ನಾನು ಗೊಣಗಿದೆ.

ಮುಂದಿನ ತಿಂಗಳು ಮಾಲೀಕರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಪರದೆಯ ಮೇಲೆ ಮತ್ತೆ ಸೊನ್ನೆ. "ಏನ್ರಿ ಮೇಡಂ, ಇವರು ಕೆಲಸ ಮಾಡ್ಯಾರೋ ಇಲ್ಲೋ?" ಎಂದು ನನ್ನನ್ನೇ ಕೇಳಿದರು. ತಪ್ಪು ನನ್ನದು, ತಪಾಸಣೆಯ ಪಟ್ಟಿ ನಾನೇ ಬೇಡವೆಂದೆ ಸರ್, ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹಟ ಹಿಡಿದು ಕೊಳ್ಳಿಸಿದ ಸಾಫ್ಟ್‌ವೇರ್ ಅರೆಬರೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ನನಗೆ ಹೆದರಿಕೆಯಾಯಿತು.

"ಇದರಾಗ ಏನೂ ಕಾಣಂಗಿಲ್ರಿ ಸರ್," ಎಂದೆ.

ಚಾಚಾ ನನ್ನನ್ನೊಮ್ಮೆ ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ, ಮಾಡಿಕೊಳ್ಳಲಿಲ್ಲ. ನೆಲಮಾಳಿಗೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು.

ಹೊಸ ಮೆಕ್ಯಾನಿಕ್ ಬಂದ. ಮೋಟರು ಸುಟ್ಟುಹೋಯಿತು, ದೂರು ಬಂತು, ಸರಿಮಾಡಿದ. ಜನರೇಟರ್ ನಿಂತಿತು, ದೂರು ಬಂತು, ಸರಿಮಾಡಿದ. ದವಾಖಾನೆಯವರು ಕತ್ತಲೆಯಲ್ಲಿ ಕೂತು ನನ್ನನ್ನು ಶಪಿಸಿದರು. ತಿಂಗಳ ಕೊನೆಗೆ ಮಾಲೀಕರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೊಸಬನ ಹೆಸರು ಪ್ಲಂಬರನನ್ನೂ ಹಿಂದೆ ಹಾಕಿತ್ತು.

"ನೋಡ್ರಿ, ಎಷ್ಟು ಕೆಲಸ ಮಾಡಾಕತ್ತಾನ! ನಿಮ್ಮ ಸಾಫ್ಟ್‌ವೇರ್ ತಗೊಂಡಿದ್ದು ಭಾಳ ಛಲೋ ಆಯ್ತ್ರಿ ಮೇಡಂ."

"ಥ್ಯಾಂಕ್ಸ್ ರಿ ಸರ್," ಎಂದೆ.