ಎರಡು ಬೀಗದ ಗೇಟು

ನಮ್ಮ ಮೇಲಿನ ಬೀದಿಯ ಕ್ಷೌರಿಕನನ್ನು ಎಲ್ಲರೂ ಕರೆಯುವುದು ಕತ್ತರಿಯಣ್ಣ ಎಂದೇ. ಕತ್ತರಿಗಿಂತ ಅವನ ನಾಲಗೆ ಚುರುಕು. ಅವನ ಕುರ್ಚಿಯಲ್ಲಿ ಕುಳಿತರೆ ತಲೆ ಹಗುರಾಗುತ್ತಿತ್ತು, ಕಿವಿ ತುಂಬುತ್ತಿತ್ತು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದವಳು ಅಕ್ಕ. ಆಕೆಯನ್ನು ಕೊಟ್ಟದ್ದು ಕೆಳಗಿನ ಬೀದಿಗೆ. ದಿನಾ ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿಗಳ ಬೆಂಚಿನ ತುದಿಯಲ್ಲಿ ಕುಳಿತು, ತಮ್ಮನನ್ನು ನಾಲ್ಕು ಮಂದಿಯ ಮುಂದೆ ಬೈದು ಹೋದರೇ ಆಕೆಗೆ ಉಂಡದ್ದು ಅರಗುತ್ತಿತ್ತು.

ಕೆಳಗಿನ ಬೀದಿಯ ಬೆನ್ನಿಗೇ ಊರಿನ ಕಸದ ಗುಡ್ಡ. ಅಲ್ಲಿಯವರು ಉಣ್ಣುವಾಗ ತುತ್ತಿಗೆ ಒಂದು ಕೈ, ನೊಣಕ್ಕೆ ಒಂದು ಕೈ. ಗುಡ್ಡ ಕರಗಿಸಿ, ಹಸಿ ಕಸವನ್ನು ಗೊಬ್ಬರ ಮಾಡುವ ಘಟಕ ಕಟ್ಟುತ್ತೇವೆಂದು ನಗರಸಭೆಯವರು ಹೊರಟರು. ಒಳ್ಳೆಯದೇ. ಆದರೆ ಅದಕ್ಕೆ ಹುಡುಕಿದ ಜಾಗ ಮೇಲಿನ ಬೀದಿಯ ಹಿಂದಿನ ಬಯಲು, ಕತ್ತರಿಯಣ್ಣನ ಹಿತ್ತಿಲಿಗೆ ಅಂಟಿಕೊಂಡದ್ದು. ನಮ್ಮನ್ನು ಒಂದು ಮಾತು ಕೇಳದೆ ನಕ್ಷೆ ಬರೆದು, ಗೂಟ ಹೊಡೆದು, ಆಮೇಲೆ ಸಭೆ ಕರೆದರು.

ಎಲ್ಲರಿಗಿಂತ ಮೊದಲು ಎದ್ದವನು ಕತ್ತರಿಯಣ್ಣ. "ಊರಿನ ಹೊಲಸೆಲ್ಲ ನಮ್ಮ ಮೂಗಿಗೇ ಬೇಕಾ? ಇದ್ದಲ್ಲೇ ಇರಲಿ ಬಿಡಿ! ಅಲ್ಲಿಯವರಿಗೆ ವಾಸನೆ ರೂಢಿಯಾಗಿದೆ."

ಮಾತು ಜಾರಿಬಿಟ್ಟಿತು. ಹಿಂದಿನ ಸಾಲಿನಲ್ಲಿ ಅಕ್ಕ ಎದ್ದಳು.

"ಹೌದೇನೋ? ನನ್ನ ಮೊಮ್ಮಗಳಿಗೆ ಉಸಿರು ಕಟ್ಟೋದೂ ರೂಢಿಯಾಗಿದೆ ಅಂತ ಸೇರಿಸಿ ಹೇಳು. ಇನ್ನು ನಿನ್ನ ಹೊಸಿಲು ತುಳಿದರೆ ಕೇಳು."

ಮಾರನೆಯ ಮಧ್ಯಾಹ್ನ ಬೆಂಚಿನ ತುದಿ ಖಾಲಿ. ಆಮೇಲೂ ಖಾಲಿ. "ಏನಣ್ಣಾ, ನಾಲಗೆ ಸಾಣೆಗೆ ಕೊಟ್ಟಿದ್ದೀಯಾ?" ಎಂದು ಗಿರಾಕಿಗಳು ಕೆಣಕತೊಡಗಿದರು. ಒಮ್ಮೆ ಅಕ್ಕನ ಮನೆಗೆ ಹೋಗಿ ಬಾಗಿಲು ತಟ್ಟಿದ. ಒಳಗಿನಿಂದಲೇ ಉತ್ತರ ಬಂತು: "ವಾಸನೆ ರೂಢಿಯಾದ ಮೇಲೆ ಬಾ."

ಅಷ್ಟರಲ್ಲಿ ಘಟಕದ ಇಂಜಿನಿಯರಮ್ಮ ಒಂದು ದಾರಿ ಹುಡುಕಿದಳು. ಕಸ ಕತ್ತರಿಸುವ ಯಂತ್ರವೊಂದನ್ನು ಬಯಲಲ್ಲಿ ನಿಲ್ಲಿಸಿ, "ಎರಡೂ ಬೀದಿಯವರು ಹಸಿ ಕಸ ಬೇರೆ ಮಾಡಿ ಕೊಡಿ. ಓಡಿಸಿ ತೋರಿಸ್ತೀನಿ, ನೋಡಿ ಆಮೇಲೆ ಬೇಡ ಅನ್ನಿ" ಎಂದಳು. ಎರಡೂ ಬೀದಿ ಸುತ್ತುಗಟ್ಟಿ ನಿಂತಿತು. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ, ಹೊಗೆಯಾಡಿ, ಗಕ್ಕನೆ ನಿಂತಿತು. ನಮ್ಮ ಬೀದಿಯವರು ಸಿಳ್ಳೆ ಹಾಕಿದರು. ಕೆಳಗಿನ ಬೀದಿಯವರ ಮುಖ ಬಾಡಿತು.

ಮುಚ್ಚಳ ತೆಗೆದರೆ ಒಳಗಿನ ದಂಡಕ್ಕೆ ಕೂದಲು ನೂಲಿನ ಉಂಡೆಯಂತೆ ಸುತ್ತಿಕೊಂಡಿದೆ! ಕಪ್ಪು, ಬಿಳಿ, ನಡುವೆ ನಮ್ಮ ಬೀದಿಯ ದರ್ಜಿ ಬಣ್ಣ ಹಚ್ಚಿಕೊಂಡ ಕೆಂಪು. ಎಲ್ಲರ ಕಣ್ಣೂ ಕತ್ತರಿಯಣ್ಣನ ಮೇಲೆ ಬಿತ್ತು.

"ಕೂದಲೂ ಕೊಳೆಯೋದೇ ತಾನೇ? ಹಸಿ ಬುಟ್ಟಿಗೆ ಸುರಿದೆ. ಬೇಕಂತ ಮಾಡಿದ್ದಲ್ಲ" ಎಂದು ತೊದಲಿದ.

"ಬಾಯಲ್ಲಿ ಆಗದ್ದನ್ನ ಕೂದಲಲ್ಲಿ ಮಾಡಿದೆ" ಎಂದಳು ಅಕ್ಕ.

ನಮ್ಮವರೋ, "ಭಲೇ, ಬೀದಿಯ ಮಾನ ಉಳಿಸಿದೆ!" ಎಂದು ಅವನ ಬೆನ್ನು ತಟ್ಟಿದರು. ಅಕ್ಕನ ಮಾತಿಗಿಂತ ಆ ಹೊಗಳಿಕೆಯೇ ಅವನಿಗೆ ಚುಚ್ಚಿತು. ಸರಸರನೆ ಅಂಗಡಿಗೆ ಹೋಗಿ ಕತ್ತರಿ, ಕ್ಷೌರದ ಕತ್ತಿ ತಂದ. ಇಂಜಿನಿಯರಮ್ಮ ಕರೆಂಟು ತೆಗೆದಳು. ಅವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಯಂತ್ರಕ್ಕೇ ಕ್ಷೌರ ಶುರು ಮಾಡಿದ.

"ಏಯ್, ಯಾರ ಕಡೆಯವನೋ ನೀನು?" ಎಂದು ನಮ್ಮವರು ಕೂಗಿದರು.

"ಮೊದಲು ತಿರುಗಲಿ. ತಿರುಗಿದ ಮೇಲೆ ನಾತ ಬಂದರೆ ನಾನೇ ಬೈತೀನಿ."

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕುಕ್ಕರುಗಾಲಲ್ಲಿ ಕುಳಿತು ಕೂದಲಿನ ಎಳೆ ಹಿಡಿದೆಳೆದರು. ಅಕ್ಕ. ಕೊನೆಯ ಎಳೆ ಬಂದ ಮೇಲೆ ಇಂಜಿನಿಯರಮ್ಮ ಕರೆಂಟು ಕೊಟ್ಟಳು. ಯಂತ್ರ ತಿರುಗಿತು; ನಾವು ಹೆದರಿದಷ್ಟು ನಾತ ಬರಲಿಲ್ಲ.

ಅಲ್ಲಿಂದ ಮುಂದೆ ಸಭೆಗಳಲ್ಲಿ ಬೈಗುಳ ಕಡಿಮೆಯಾಗಿ ಷರತ್ತುಗಳು ಹುಟ್ಟಿದವು. ನಾವು ಕೇಳಿದ್ದು ಮುಚ್ಚಿದ ಕಟ್ಟಡ, ಗಾಡಿಗಳಿಗೆ ಹಿಂದಿನ ರಸ್ತೆ, ಕಲಬೆರಕೆ ಕಸ ಬಂದರೆ ವಾಪಸು. ಕೆಳಗಿನ ಬೀದಿಯವರಿಗೆ ಬೇರೆ ಭಯ: ಸಣ್ಣ ನೆಪಕ್ಕೆ ನಾವು ಗೇಟು ಮುಚ್ಚಿದರೆ ಕಸ ಮತ್ತೆ ಅವರ ಬೆನ್ನಿಗೇ. ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಕೊನೆಗೆ ಅಕ್ಕನೇ ಹೇಳಿದಳು: "ಗೇಟಿಗೆ ಎರಡು ಬೀಗ ಹಾಕಿ. ಬೀದಿಗೊಂದು ಕೀಲಿ. ಇಬ್ಬರೂ ಗಾಡಿ ಇಣುಕಿ ನೋಡಿ ತೆಗೀಲಿ. ಮುಚ್ಚೋದಿದ್ರೂ ಇಬ್ಬರೂ ಒಪ್ಪಲಿ." ಕೆಳಗಿನ ಬೀದಿಯ ಕೀಲಿ ಆಕೆಯ ಸೊಂಟಕ್ಕೇರಿತು. ಆಕೆಯ ಬಾಯಿ ತಡೆದುಕೊಳ್ಳುವವನು ಬೇಕಲ್ಲ ಎಂದು ನಮ್ಮ ಕೀಲಿಯನ್ನು ಕತ್ತರಿಯಣ್ಣನ ಕೊರಳಿಗೆ ಕಟ್ಟಿದೆವು.

ಘಟಕ ತೆರೆದ ದಿನ ಬೆಳಿಗ್ಗೆ ಮೊದಲ ಗಾಡಿ ಬಂತು. ಅವನು ತನ್ನ ಬೀಗ ತೆಗೆದು, "ಅಕ್ಕಾ" ಎಂದ. ಆಕೆ ಗಾಡಿಯೊಳಗೆ ಬಗ್ಗಿ ನೋಡಿದಳು.

"ಕೂದಲಿಲ್ಲ ತಾನೇ?"

"ಬೇರೆ ಚೀಲದಲ್ಲಿ ಇಟ್ಟಿದ್ದೀನಿ."

ಕೀಲಿ ತಿರುಗಿಸುತ್ತ, ಗಾಡಿಯ ಚಾಲಕನ ಎದುರಿಗೇ ಆಕೆ ಶುರುಮಾಡಿದಳು: "ಊರವರ ಗಡ್ಡವೆಲ್ಲ ಕೆರೀತೀಯ, ನಿನ್ನ ಮುಖ ನೋಡು, ಕರಡಿ ಹಂಗೆ! ಹೇಳೋರು ಕೇಳೋರು ಯಾರೂ ಇಲ್ಲ ಅಂದ್ಕೊಂಡಿದ್ದೀಯಾ?"

ಕತ್ತರಿಯಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಗುಡ್ಡ ಇನ್ನೂ ಪೂರ್ತಿ ಕರಗಿಲ್ಲ. ಮಳೆ ಬಂದಾಗ ನಮ್ಮ ಕಡೆಗೂ ಒಂದಿಷ್ಟು ನಾತ ಬರುತ್ತದೆ. ಅಕ್ಕ ಈವತ್ತಿಗೂ ತಮ್ಮನ ಹೊಸಿಲು ತುಳಿದಿಲ್ಲ, ಆಡಿದ ಮಾತು ಆಡಿದ್ದೇ. ಆದರೆ ಗಾಡಿ ಬರುವುದು ತಡವಾದ ದಿನ ಬೈಗುಳ ಉದ್ದವಾಗುತ್ತದೆ. ಆ ದಿನ ಕತ್ತರಿಯಣ್ಣ ಅಂಗಡಿಗೂ ತಡವಾಗಿ ಬರುತ್ತಾನೆ, ಬಂದವನು ಬಾಯಿ ಮುಚ್ಚುವುದೇ ಇಲ್ಲ.