ಶ್ರಾವಣ ಸೋಮವಾರದ ಐಸ್ ಡಬ್ಬಿ

ಶಹಾಬಾದದಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಹೆಸರಿದೆ. ಅಜ್ಜನವರ ಕಾಲದಲ್ಲಿ ಊರಿನ ಪಂಚಾಯ್ತಿ ನಮ್ಮ ಕಟ್ಟೆಯ ಮೇಲೆಯೇ ನಡೆಯುತ್ತಿತ್ತು. ನಾನು ಊರಿನ ಆಸ್ಪತ್ರೆಯ ಮೇಟ್ರನ್, ದಾದಿಯರ ಮುಖ್ಯಸ್ಥೆ. ಕಳೆದ ಶ್ರಾವಣ ಸೋಮವಾರ ರೋಗಿಯೊಬ್ಬಳ ಕ್ಯಾನ್ಸರ್ ಗಂಟಿನ ತುಂಡನ್ನು ಐಸ್ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ಹೈದರಾಬಾದಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ.

ಸೇಡಂ ದಾಟಿದ ಮೇಲೆ ಕೈ ತೊಳೆದು ಬಂದರೆ, ಡಬ್ಬಿ ಬಾಗಿಲ ಬಳಿ ಬಿಸಿಲಿನಲ್ಲಿತ್ತು. ಅದನ್ನು ಸರಿಸಿದವರು ಎದುರು ಸೀಟಿನ ವಿಭೂತಿಧಾರಿ ಹಿರಿಯರು.

“ಶ್ರಾವಣದಾಗ ಮೀನು ಒಯ್ಯಾಕತ್ತೀರೇನ್ರಿ ಅಕ್ಕಾರ? ನಮ್ಮ ಉಪಾಸ ಕೆಡ್ತದ!”

“ಮೀನಲ್ಲರಿ, ರೋಗಿಯ ಗಂಟು. ರೋಗದ ಜೋಡಿ ಬಡಿದಾಡಾಕ ಹೊಕ್ಕ ಜೀವಕೋಶ ಅದರಾಗ ಅವ. ಒಂದೊಂದನ್ನೂ ಬ್ಯಾರೆ ಮಾಡಿ ಪರೀಕ್ಷೆ ಮಾಡ್ತಾರ. ಬಿಸಿಲಿಗೆ ಸತ್ರ ಮುಗೀತು, ಇನ್ನೊಂದು ತುಂಡು ಸಿಗಂಗಿಲ್ಲ.”

“ಒಂದೊಂದರ ಹಾಜರಿ ಹಿಡೀತಾರೇನ್ರಿ? ಭಾಳ ಛಲೋ ಕಥಿ ಕಟ್ಟೀರಿ!”

ಬೋಗಿಯೆಲ್ಲ ನಕ್ಕಿತು. ಮುಚ್ಚಳ ತೆರೆದು ನೋಡಿದೆ. ಐಸ್ ಅರ್ಧ ಕರಗಿತ್ತು. ಉಳಿದ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮುಚ್ಚಿ ಕುಳಿತೆ.

ಸಂಜೆ ಪ್ರಯೋಗಾಲಯದ ಹೆಣ್ಣುಮಗಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಹೆಚ್ಚಿನ ಕೋಶಗಳು ಬದುಕಿವೆ ಎಂದಳು. ಯಾರ ಎದುರೂ ಬಾಗದ ನನ್ನ ಬೆನ್ನು ಸಡಿಲವಾಯಿತು. ಸಿಕ್ಕ ಸ್ಟೂಲಿನ ಮೇಲೆ ಕುಳಿತು ಎರಡು ಲೋಟ ನೀರು ಕುಡಿದೆ.

ಆ ಹಿರಿಯರು ತಾಂಡೂರಿನಲ್ಲಿ ಇಳಿದುಹೋಗಿದ್ದರು. ಎಂದಾದರೂ ಸಿಕ್ಕರೆ ಅವರು ನನ್ನ ಕ್ಷಮೆ ಕೇಳಬೇಕು.